ಹಳೆಯ ಎಂಜಿನ್ನಿಗೆ ಕಬ್ಬಿನ ಪೆಟ್ರೋಲು

ಔರಾದ್ ಕಡೆಯಿಂದ ಬೀದರಿಗೆ ಬರುವ ರಸ್ತೆ ಮಾಂಜ್ರಾ ನದಿ ದಾಟಿದ ಮೇಲೆ ಕೆಮ್ಮಣ್ಣಿನ ಎತ್ತರದತ್ತ ಏರುತ್ತದೆ. ಹೊಸ ಕಾರಿನಲ್ಲಿ ಕೂತವರಿಗೆ ಅದು ಏರೆಂದೇ ಅನಿಸುವುದಿಲ್ಲ. ನಾಲ್ಕೈದು ಜನರನ್ನು ಕೂರಿಸಿಕೊಂಡ ಹಳೆಯ ಅಂಬಾಸಡರಿಗೋ ಪ್ರೀಮಿಯರ್ ಪದ್ಮಿನಿಗೋ ಮಾತ್ರ ಅದು ಪರೀಕ್ಷೆ. ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನ ಅಡಿಯಿಂದ ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದಂಥ ಸದ್ದು ಬರುತ್ತದೆ. ಗ್ಯಾರೇಜಿಗೆ ಬಂದಾಗ ಮಾಲೀಕರ ದೂರು ಹೆಚ್ಚುಕಡಿಮೆ ಒಂದೇ ಧಾಟಿಯದು: “ಉಸ್ತಾದ್, ಏರು ಬಂತಂದ್ರ ಟಕಟಕ ಅನ್ಲತ್ತದ್ರಿ. ಪೆಟ್ರೋಲಿನಾಗ ಸ್ಪಿರಿಟ್ ಕೂಡಿಸ್ಲತ್ತಾರಲ್ಲ, ಅದರದೇ ಕೆಲಸ ಇರಬೇಕು.”

ಸ್ಪಿರಿಟ್ ಎಂದು ಅವರು ಕರೆಯುವುದು ಎಥನಾಲನ್ನು. ಈಗ ದೇಶದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಅದೇ. ಹಳೆಯ ಗಾಡಿಗೆ ಅದರಿಂದ ತೊಂದರೆ ಇದೆ, ಅದು ನಿಜ. ಆದರೆ ಆ ಟಕಟಕ ಸದ್ದಿನ ಆರೋಪವನ್ನು ನೇರವಾಗಿ ಎಥನಾಲಿನ ಮೇಲೆ ಹೊರಿಸಿದರೆ ಗಾಡಿ ರಿಪೇರಿಯಾಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಯಾವ ತೊಂದರೆ ಎಲ್ಲಿಂದ ಹುಟ್ಟುತ್ತದೆ ಎಂದು ಬಿಡಿಸಿ ನೋಡಿದರೆ ಹಳೆಯ ಕಾರು, ಬೈಕುಗಳನ್ನು ಇನ್ನೂ ಬಹಳ ವರ್ಷ ರಸ್ತೆಯ ಮೇಲೆ ಇಟ್ಟುಕೊಳ್ಳಬಹುದು.

ಮೊದಲು ಆ ಸದ್ದು. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ಸರಿಯಾದ ಗಳಿಗೆಯಲ್ಲಿ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸುತ್ತದೆ. ಪ್ಲಗ್ಗಿನ ಬಳಿ ಹೊತ್ತಿದ ಜ್ವಾಲೆ ಕ್ರಮವಾಗಿ ಹರಡಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳಬೇಕು. ಒತ್ತಡ ಮತ್ತು ಬಿಸಿ ಮಿತಿಮೀರಿದರೆ ಜ್ವಾಲೆ ಇನ್ನೂ ತಲುಪದ ಮೂಲೆಯ ಮಿಶ್ರಣ ತಾನಾಗಿಯೇ ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತದ ಅಲೆ ಲೋಹಕ್ಕೆ ಬಡಿದಾಗ ಹೊರಗೆ ಕೇಳುವುದೇ ನಾಕಿಂಗ್. ಅಪರೂಪಕ್ಕೊಮ್ಮೆ ಬಂದು ಹೋದರೆ ಹಾನಿಯಿಲ್ಲ. ಏರಿನುದ್ದಕ್ಕೂ ಬಡಿಯುತ್ತಲೇ ಇದ್ದರೆ ಪಿಸ್ಟನ್ನಿನ ತಲೆ ತೂತು ಬೀಳುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಬೇರಿಂಗು ಸವೆಯುತ್ತದೆ.

ಮಿಶ್ರಣವನ್ನು ಎಷ್ಟು ಅದುಮಲಾಗುತ್ತದೆ ಎಂಬುದನ್ನು ಹೇಳುವ ಅಂಕಿಯೇ ಕಂಪ್ರೆಷನ್ ರೇಷಿಯೊ. ಎಂಟು ಪಾಲು ಜಾಗದಲ್ಲಿದ್ದ ಮಿಶ್ರಣವನ್ನು ಒಂದು ಪಾಲಿಗೆ ಇಳಿಸಿದರೆ ಅದು 8:1. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ, ನಾಕಿಂಗ್ ಅಪಾಯವೂ ಅಷ್ಟೇ ಏರುತ್ತದೆ. ಆ ಅಪಾಯವನ್ನು ಪೆಟ್ರೋಲು ಎಷ್ಟರಮಟ್ಟಿಗೆ ತಡೆದುಕೊಳ್ಳಬಲ್ಲದು ಎಂಬುದರ ಅಳತೆ ಆಕ್ಟೇನ್. ಸುಲಭವಾಗಿ ಸಿಡಿಯುವ ಹೆಪ್ಟೇನಿಗೆ ಸೊನ್ನೆ, ಸಿಡಿಯಲು ಒಲ್ಲದ ಐಸೊ-ಆಕ್ಟೇನಿಗೆ 100 ಎಂದು ಗೊತ್ತುಮಾಡಿ 1920ರ ದಶಕದಲ್ಲಿ ರೂಪಿಸಿದ ಈ ಅಳತೆಗೋಲೇ ಇವತ್ತಿಗೂ ಬಳಕೆಯಲ್ಲಿದೆ. ಆಕ್ಟೇನ್ ಹೆಚ್ಚಿದ್ದರೆ ಪೆಟ್ರೋಲಿಗೆ ಶಕ್ತಿ ಹೆಚ್ಚು ಎಂಬ ನಂಬಿಕೆ ನಮ್ಮ ಬಂಕುಗಳಲ್ಲಿ ಬಲವಾಗಿ ಬೇರೂರಿದೆ. ಅದು ತಪ್ಪು. ಆಕ್ಟೇನ್ ಹೇಳುವುದು ತಾಳಿಕೆಯನ್ನು. ಆ ತಾಳಿಕೆಯ ಲಾಭ ಪಡೆಯುವಷ್ಟು ಕಂಪ್ರೆಷನ್ ಎಂಜಿನ್ನಿನಲ್ಲಿ ಇಲ್ಲದಿದ್ದರೆ ಹೆಚ್ಚಿನ ಆಕ್ಟೇನಿಗೆ ಕೊಟ್ಟ ಹಣ ವ್ಯರ್ಥ.

ಹಾಗಾದರೆ ನಮ್ಮ ಹಳೆಯ ಗಾಡಿಗಳ ಕಂಪ್ರೆಷನ್ ಎಷ್ಟು? ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನ ಎಂಜಿನ್ 6.48:1. ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ 350 ಅದಕ್ಕೂ ಕೆಳಗೆ, 5.5:1. 1489 ಸಿಸಿಯ ಬಿಎಂಸಿ ಎಂಜಿನ್ನಿನ ಅಂಬಾಸಡರ್, 1089 ಸಿಸಿಯ ಪದ್ಮಿನಿ ಎರಡೂ ಎಂಟರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ನಿಲ್ಲುತ್ತವೆ. ಇನ್ನೂ ಹಿಂದಕ್ಕೆ ಹೋಗುವುದಾದರೆ, ಬೀದರ್ ಯಾರ ಆಳ್ವಿಕೆಯಲ್ಲಿತ್ತೋ ಆ ನಿಜಾಮರ ಮನೆತನದ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಆ ಕಾಲದ ಸಿಲ್ವರ್ ಘೋಸ್ಟ್ ಎಂಜಿನ್ನುಗಳ ಕಂಪ್ರೆಷನ್ ನಾಲ್ಕನ್ನೂ ಮುಟ್ಟುವುದಿಲ್ಲ. ಏಳೂವರೆ ಲೀಟರಿನಷ್ಟು ದೊಡ್ಡ ಎಂಜಿನ್, ಆದರೆ ಅದುಮುವುದು ಮೆಲ್ಲಗೆ. ಆಗಿನ ಪೆಟ್ರೋಲು ಅಷ್ಟನ್ನೇ ತಾಳುತ್ತಿತ್ತು.

ನಮ್ಮಲ್ಲಿ ಓಡಿದ ಗಾಡಿಗಳ ಕಂಪ್ರೆಷನ್ ಇಷ್ಟು ಕಡಿಮೆ ಇದ್ದುದಕ್ಕೆ ಒಳ್ಳೆಯ ಕಾರಣವಿದೆ. ಎಲ್ಲ ದೇಶಗಳಲ್ಲೂ ಒಂದೇ ದರ್ಜೆಯ ಪೆಟ್ರೋಲು ಸಿಗುತ್ತಿರಲಿಲ್ಲ. ಜಾಗ್ವಾರ್ ಕಂಪನಿ ತನ್ನ ಮಾರ್ಕ್ 2 ಕಾರಿಗೆ 7:1, 8:1, 9:1 ಹೀಗೆ ಬೇರೆ ಬೇರೆ ಪಿಸ್ಟನ್ನುಗಳನ್ನು ಕೊಡುತ್ತಿದ್ದುದೇ ಅದಕ್ಕೆ. ಭಾರತದ ಪೆಟ್ರೋಲಿನ ಆಕ್ಟೇನ್ ಬಿಎಸ್-2 ಮಾನದಂಡದ ಕಾಲದಲ್ಲಿಯೂ 88 ಮಾತ್ರ. ಬಿಎಸ್-4ರ ಹೊತ್ತಿಗೆ ಅದು 91ಕ್ಕೆ ಏರಿತು. ಈಗಿನ 20 ಭಾಗ ಎಥನಾಲಿನ ಪೆಟ್ರೋಲಿನದು 95 ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿದೆ. 88ರಲ್ಲಿ ಓಡಿದ ಅಂಬಾಸಡರಿಗೆ 95 ಸಿಕ್ಕರೆ ನಾಕಿಂಗ್ ಕಡಿಮೆಯಾಗಬೇಕು, ಹೆಚ್ಚಾಗಲು ಸಾಧ್ಯವಿಲ್ಲ.

ಆಕ್ಟೇನಿನ ಕೊರತೆಯಿಂದ ನಿಜವಾಗಿಯೂ ನರಳಿದವು ಅಮೆರಿಕದ 1960ರ ದಶಕದ ಕಾರುಗಳು. ಷೆವ್ರೊಲೆಯ 327 ವಿ8 ಎಂಜಿನ್ನಿನ ಹಲವು ಮಾದರಿಗಳು 10.5:1, ಕ್ರೈಸ್ಲರಿನ 426 ಹೆಮಿ 10.25:1. ಈ ಎತ್ತರಕ್ಕೆ ಏರಲು ಅವಕಾಶ ಕೊಟ್ಟದ್ದು ಸೀಸ. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ನಾಕಿಂಗ್ ನಿಲ್ಲಿಸುವುದನ್ನು ಕಂಡುಕೊಂಡ. ಲೀಟರಿಗೆ ಒಂದು ಗ್ರಾಮಿಗೂ ಕಡಿಮೆ ಬೆರೆಸಿದರೂ ಆಕ್ಟೇನ್ ಜಿಗಿಯುತ್ತಿತ್ತು. ಎಥನಾಲಿನಿಂದಲೂ ಅದೇ ಕೆಲಸವಾಗುತ್ತದೆ ಎಂದು ಆಗಲೇ ಗೊತ್ತಿತ್ತು. ಆದರೆ ಸೀಸ ಅಗ್ಗ, ಸಾಲದ್ದಕ್ಕೆ ಪೇಟೆಂಟು ಮಾಡಿಕೊಳ್ಳಬಹುದಾದದ್ದು. ಆ ಒಂದು ಆಯ್ಕೆಯ ಬೆಲೆಯನ್ನು ಮೂರು ನಾಲ್ಕು ತಲೆಮಾರಿನ ಮಕ್ಕಳ ಮಿದುಳು ತೆತ್ತಿತು. ಸೀಸವನ್ನು ಕೈಬಿಡುವ ಸಿದ್ಧತೆಯಲ್ಲಿ ಜನರಲ್ ಮೋಟಾರ್ಸ್ 1971ರ ಮಾದರಿಗಳಿಂದಲೇ ಕಂಪ್ರೆಷನ್ ಇಳಿಸಿತು. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸದ ಪೆಟ್ರೋಲು ನಿಂತಿತು. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ.

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ಇಂಧನದಲ್ಲಿ ಮಾತ್ರ ಸೀಸ ಇನ್ನೂ ಉಳಿದಿದೆ. ಬೀದರಿನ ವಾಯುನೆಲೆಯಲ್ಲಿ ಒಂದು ಕಾಲಕ್ಕೆ ಪೈಲಟ್ಟುಗಳಿಗೆ ಅಕ್ಷರಾಭ್ಯಾಸ ಮಾಡಿಸಿದ, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 ಅಂಥದೇ ಪಿಸ್ಟನ್ ವಿಮಾನ. ಈಗ ಅಲ್ಲಿ ಹಾರುವ ಹಾಕ್‌ಗಳು ಜೆಟ್. ಅವುಗಳಿಗೆ ಆಕ್ಟೇನಿನ ಗೊಡವೆಯಿಲ್ಲ.

ಸೀಸಕ್ಕೆ ಇನ್ನೊಂದು ಕೆಲಸವೂ ಇತ್ತು. ವಾಲ್ವು ಪ್ರತಿ ಬಾರಿ ಮುಚ್ಚುವಾಗ ಬಡಿಯುವ ಸೀಟಿನ ಮೇಲೆ ಅದು ತೆಳುವಾದ ಪದರ ಬಿಡುತ್ತಿತ್ತು. ಅಂಬಾಸಡರಿನ ಬಿಎಂಸಿ ಎಂಜಿನ್ನಿನಲ್ಲಿ ವಾಲ್ವ್ ಸೀಟನ್ನು ಹೆಡ್ಡಿನ ಎರಕದ ಕಬ್ಬಿಣದಲ್ಲೇ ಕೊರೆದಿರುತ್ತಾರೆ. ಸೀಸವಿಲ್ಲದ ಪೆಟ್ರೋಲಿನಲ್ಲಿ ತಾಸುಗಟ್ಟಲೆ ಜೋರಾಗಿ ಓಡಿಸಿದರೆ ಸೀಟು ಸವೆದು ವಾಲ್ವು ಒಳಕ್ಕೆ ಕೂರುತ್ತದೆ, ಟ್ಯಾಪೆಟ್ ಗ್ಯಾಪು ಮುಚ್ಚಿಹೋಗುತ್ತದೆ. ಬೀದರ್–ಭಾಲ್ಕಿ ನಡುವೆ ಗಂಟೆಗೆ ಐವತ್ತು ಅರವತ್ತರ ವೇಗದಲ್ಲಿ ಹೋಗಿಬರುವ ಗಾಡಿಗೆ ಈ ಸವೆತ ಬಹಳ ನಿಧಾನ. ಹೆಡ್ಡು ಬಿಚ್ಚಿದ ದಿನ ಗಟ್ಟಿ ಲೋಹದ ಸೀಟ್ ಕೂರಿಸಿಕೊಂಡರೆ ಆ ಅಧ್ಯಾಯ ಮುಗಿಯಿತು.

ಈಗ ಎಥನಾಲಿಗೆ ಬರೋಣ. ಅದರ ಸ್ವಂತ ಆಕ್ಟೇನ್ 108ರ ಮೇಲೆ. ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಂಡು ಒಳಹೋಗುವ ಮಿಶ್ರಣವನ್ನು ತಂಪುಮಾಡುತ್ತದೆ. ಹೆಚ್ಚಿನ ಕಂಪ್ರೆಷನ್ನಿನ ಎಂಜಿನ್ನಿಗೆ ಇದಕ್ಕಿಂತ ಬೇಕಾದದ್ದೇನು? ಬ್ರೆಜಿಲ್ 1975ರಲ್ಲೇ ಎಥನಾಲ್ ಯೋಜನೆ ಶುರುಮಾಡಿತು. 1979ರಲ್ಲಿ ಬರಿಯ ಎಥನಾಲಿನಿಂದ ಓಡುವ ಫಿಯೆಟ್ 147 ಅಲ್ಲಿ ಮಾರಾಟಕ್ಕೆ ಬಂದಾಗ ಅದರ ಕಂಪ್ರೆಷನ್ನನ್ನು ಬೇಕೆಂದೇ ಏರಿಸಿದ್ದರು. ಪದ್ಮಿನಿಯೂ ಮೂಲದಲ್ಲಿ ಫಿಯೆಟ್ಟೇ. ಆದರೆ ಬ್ರೆಜಿಲಿನವರು ಎಥನಾಲಿಗೆ ತಕ್ಕಂತೆ ಕಾರನ್ನು ಬದಲಿಸಿದರು. ನಮ್ಮ ಪದ್ಮಿನಿ, ಅಂಬಾಸಡರುಗಳು ಬದಲಾಗಲಿಲ್ಲ, ಅವುಗಳ ಟ್ಯಾಂಕಿಗೆ ಬೀಳುವ ಪೆಟ್ರೋಲು ಬದಲಾಯಿತು. ತಾಪತ್ರಯ ಹುಟ್ಟಿದ್ದು ಇಲ್ಲಿ.

ಹಾಗಿದ್ದರೆ ಏರಿನಲ್ಲಿ ಆ ಟಕಟಕ ಏಕೆ? ಬಹುಪಾಲು ಕಾರಣಗಳು ಎಂಜಿನ್ನಿನೊಳಗೇ ಇವೆ. ಮೊದಲನೆಯದು ಕಾರ್ಬನ್. ಊರೊಳಗೇ ಸುತ್ತುವ ಗಾಡಿಯ ಪಿಸ್ಟನ್ನಿನ ತಲೆಯ ಮೇಲೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಅದು ಜಾಗವನ್ನೂ ಕಿರಿದು ಮಾಡುತ್ತದೆ, ಕೆಂಡದಂತೆ ಕಾದು ಕಿಡಿಗೆ ಮುಂಚೆಯೇ ಬೆಂಕಿಯನ್ನೂ ಹಚ್ಚುತ್ತದೆ. ಎರಡನೆಯದು ಟೈಮಿಂಗ್. ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಗ್ಯಾಪು ತಪ್ಪಿ, ಒಳಗಿನ ಸ್ಪ್ರಿಂಗು ಸಡಿಲವಾಗಿ ಕಿಡಿ ಬೇಗ ಹಾರುತ್ತಿದ್ದರೆ ಎಂಥ ಪೆಟ್ರೋಲು ಹಾಕಿದರೂ ಸದ್ದು ತಪ್ಪದು.

ಮೂರನೆಯ ಕಾರಣ ಯಾರೂ ಲೆಕ್ಕಕ್ಕೆ ಹಿಡಿಯದೇ ಇರುವಂಥದು. ಎಂಜಿನ್ ಕಾದು ಹೆಡ್ಡು ಸೊಟ್ಟಗಾದಾಗಲೆಲ್ಲ ಲೇತ್ ಅಂಗಡಿಗೆ ಒಯ್ದು ಫೇಸಿಂಗ್ ಮಾಡಿಸುತ್ತಾರೆ. ಪ್ರತಿ ಬಾರಿಯೂ ಒಂದಿಷ್ಟು ಲೋಹ ಹೋಗುತ್ತದೆ, ಮಿಶ್ರಣ ಅದುಮಿಸಿಕೊಳ್ಳುವ ಜಾಗ ಕಿರಿದಾಗುತ್ತದೆ. ಲೆಕ್ಕ ಹಾಕಿ ನೋಡಬಹುದು. 1489 ಸಿಸಿ ಎಂಜಿನ್ನಿನ ಒಂದು ಸಿಲಿಂಡರಿನ ಪಾಲು 372 ಸಿಸಿ. ಮೇಲಿನ ಜಾಗ 60 ಸಿಸಿ ಇದ್ದರೆ ಕಂಪ್ರೆಷನ್ 7.2:1. ಫೇಸಿಂಗ್‌ನಲ್ಲಿ 4 ಸಿಸಿ ಜಾಗ ಕಳೆದರೆ ಅದು 7.6ರ ಮೇಲಾಗುತ್ತದೆ. ಎರಡು ಮೂರು ಸಲ ಹೀಗಾದರೆ ಮೂಲದಲ್ಲಿ ಸೌಮ್ಯವಾಗಿದ್ದ ಎಂಜಿನ್ ಯಾರಿಗೂ ಗೊತ್ತಾಗದಂತೆ ಹೆಚ್ಚಿನ ಕಂಪ್ರೆಷನ್ನಿನದಾಗಿ ಕೂತಿರುತ್ತದೆ. ನಲವತ್ತು ವರ್ಷದ ಗಾಡಿ ಕೊಳ್ಳುವವರು ಬಣ್ಣ, ಟೈರು ನೋಡುವ ಮೊದಲು ಕಂಪ್ರೆಷನ್ ಗೇಜು ಹಾಕಿಸಿ ನಾಲ್ಕೂ ಸಿಲಿಂಡರುಗಳ ಒತ್ತಡ ನೋಡುವುದು ಒಳ್ಳೆಯದು. ತೀರಾ ಏರಿದ್ದರೆ ದಪ್ಪನೆಯ ಹೆಡ್ ಗ್ಯಾಸ್ಕೆಟ್ ಹಾಕಿ ಇಳಿಸಬಹುದು.

ಊರಿನ ಹವೆಯದೂ ಒಂದು ಪಾಲಿದೆ. ಬೀದರ್ ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದಲ್ಲಿರುವುದರಿಂದ ಗಾಳಿ ತುಸು ತೆಳು, ಸಿಲಿಂಡರಿನ ಒತ್ತಡ ಅಷ್ಟು ಕಡಿಮೆ. ಇದು ಹಳೆಯ ಎಂಜಿನ್ನಿಗೆ ಅನುಕೂಲವೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಆ ಅನುಕೂಲ ಕರಗಿಹೋಗುತ್ತದೆ. ರೇಡಿಯೇಟರಿನೊಳಗೆ ಉಪ್ಪುನೀರಿನ ಹಳುಕು ಕಟ್ಟಿದ್ದರೆ ಇನ್ನೂ ಕಷ್ಟ. ಹಳ್ಳಿಯ ಬೋರ್‌ವೆಲ್ ನೀರನ್ನೇ ತುಂಬಿಸುತ್ತ ಬಂದ ಗಾಡಿಗಳ ನಾಕಿಂಗ್ ಎಷ್ಟೋ ಸಲ ರೇಡಿಯೇಟರ್ ತೊಳೆಸಿದ ಮೇಲೆ ನಿಂತಿರುತ್ತದೆ.

ಎಥನಾಲ್ ನಿಜವಾಗಿ ಕೈಯಿಡುವುದು ಇಂಧನ ಹರಿಯುವ ದಾರಿಗೆ. ಅಂಬಾಸಡರಿನ ಫ್ಯೂಯಲ್ ಪಂಪನ್ನು ಬಿಚ್ಚಿ ಎರಡು ಹೋಳು ಮಾಡಿದರೆ ನಡುವೆ ಬಟ್ಟೆ ಮತ್ತು ರಬ್ಬರು ಸೇರಿಸಿ ಮಾಡಿದ ಡಯಾಫ್ರಮ್ ಸಿಗುತ್ತದೆ, ಅಂಗೈಯಷ್ಟು ಅಗಲ. ಹೊಸದು ಚರ್ಮದಂತೆ ಬಿಗಿಯಾಗಿ, ಮಡಚಿದರೆ ಹಿಂದಕ್ಕೆ ಪುಟಿಯುತ್ತದೆ. ಎಥನಾಲಿಗೆ ಒಗ್ಗದ ಹಳೆಯ ರಬ್ಬರಿನದಾದರೆ ಅಂಚು ಉಬ್ಬಿ ಅಲೆಅಲೆಯಾಗಿರುತ್ತದೆ, ಬೆರಳಲ್ಲಿ ಉಜ್ಜಿದರೆ ಕಪ್ಪು ಮಸಿ ಅಂಟುತ್ತದೆ. ಒಣಗಿಸಿ ಇಟ್ಟರೆ ಒಂದೆರಡು ದಿನದಲ್ಲಿ ಬಿರುಕು ಬಿಡುತ್ತದೆ. ಇದು ಹರಿದರೆ ಗಾಡಿ ನಡುದಾರಿಯಲ್ಲಿ ನಿಲ್ಲುವುದು ಒಂದು ಕಡೆ. ಕೆಲವು ಪಂಪುಗಳಲ್ಲಿ ಪೆಟ್ರೋಲು ಎಂಜಿನ್ ಆಯಿಲಿಗೇ ಇಳಿದು ಬೇರಿಂಗುಗಳನ್ನು ತಿನ್ನುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ಪೈಪು ಮೆತ್ತಗಾಗಿ ಸೋರಿದರೆ ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುತ್ತದೆ. ಹಳೆಯ ಗಾಡಿಯ ವಿಷಯದಲ್ಲಿ ಅತ್ಯಂತ ಅಪಾಯದ್ದು ಇದು. ನಾಕಿಂಗ್ ಎಂಜಿನ್ನನ್ನು ಕೆಡಿಸಬಹುದು, ಸೋರುವ ಪೈಪು ಗಾಡಿಯನ್ನೇ ಸುಟ್ಟುಬಿಡಬಹುದು.

ಎರಡನೆಯ ತೊಂದರೆ ಕಾರ್ಬೊರೇಟರಿನದು. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. 20 ಭಾಗ ಬೆರೆತಾಗ ಬೇಕಾದ ಗಾಳಿ 13.5ರ ಸುತ್ತ. ಹೊಸ ಕಾರಿನ ಕಂಪ್ಯೂಟರು ಹೊಗೆಯನ್ನು ಅಳೆದು ಪೆಟ್ರೋಲಿನ ಪ್ರಮಾಣ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ, ಜೆಟ್ಟಿನ ತೂತಿನಲ್ಲಿ ಎಷ್ಟು ಹರಿಯುತ್ತದೋ ಅಷ್ಟೇ. ಹೀಗಾಗಿ ಮಿಶ್ರಣ ತೆಳುವಾಗುತ್ತದೆ: ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸುವುದು, ಪಿಕಪ್ ಇಲ್ಲದಿರುವುದು, ಎಂಜಿನ್ ಬಿಸಿಯಾಗುವುದು. ಮುಖ್ಯ ಜೆಟ್ಟನ್ನು ಒಂದು ಅಥವಾ ಎರಡು ಅಳತೆ ದೊಡ್ಡದಕ್ಕೆ ಬದಲಿಸಿ ಪ್ಲಗ್ಗಿನ ಬಣ್ಣ ನೋಡುತ್ತ ಹೊಂದಿಸಿದರೆ ಇವೆಲ್ಲ ಬಹುಮಟ್ಟಿಗೆ ಹೋಗುತ್ತವೆ. ಪ್ಲಗ್ಗಿನ ತುದಿ ತೆಳು ಕಂದಾಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಮಿಶ್ರಣ ಇನ್ನೂ ತೆಳು.

ಮೈಲೇಜ್ ಮಾತ್ರ ಯಾವ ಜೆಟ್ ಹಾಕಿದರೂ ಮರಳದು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಎಥನಾಲ್ ಇಲ್ಲದ ಪೆಟ್ರೋಲಿಗಾಗಿ ರೂಪಿಸಿ, 10 ಭಾಗಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7, ಅಂಥ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಮೈಲೇಜ್ ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯೇ ಹೇಳಿತ್ತು.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಎಂಜಿನ್ನಿಗೇ ಅಂಟಿಕೊಂಡ ಫ್ಯೂಯಲ್ ಪಂಪು ಕಾದು ಪೈಪಿನೊಳಗಿನ ಪೆಟ್ರೋಲು ಆವಿಯಾಗುತ್ತದೆ, ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವ ಹಳೆಯ ಡ್ರೈವರುಗಳ ಉಪಾಯ ಇವತ್ತಿಗೂ ಕೆಲಸ ಮಾಡುತ್ತದೆ. ಪೈಪನ್ನು ಎಕ್ಸಾಸ್ಟಿನಿಂದ ದೂರ ಕಟ್ಟುವುದು ಅದಕ್ಕಿಂತ ಒಳ್ಳೆಯದು.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಎಥನಾಲಿಗೂ ನಾಕಿಂಗಿಗೂ ನಿಜವಾದ ನಂಟು ಬೀಳುವುದು ಇಲ್ಲಿ. ಪೆಟ್ರೋಲು ನೀರನ್ನು ಸೇರಿಸಿಕೊಳ್ಳುವುದಿಲ್ಲ, ಎಥನಾಲ್ ಸೇರಿಸಿಕೊಳ್ಳುತ್ತದೆ. 10 ಭಾಗ ಎಥನಾಲಿನ ಪೆಟ್ರೋಲು ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರನ್ನು ಕರಗಿಸಿಕೊಂಡಿರಬಲ್ಲದು, 20 ಭಾಗದ್ದು ಇನ್ನೂ ಹೆಚ್ಚು. ಆ ಮಿತಿ ದಾಟಿದ ಕೂಡಲೇ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಅಳತೆಯ ಗೆರೆಗಳಿರುವ 100 ಮಿಲಿಲೀಟರಿನ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ನೀರು ಹಾಕಿ, ಮೇಲೆ 90 ಮಿಲಿಲೀಟರ್ ಪೆಟ್ರೋಲು ತುಂಬಿ, ಮುಚ್ಚಿ ಅಲುಗಿಸಿ, ಬೆಂಕಿಯಿಂದ ದೂರ, ಬಯಲಲ್ಲಿ ಇಟ್ಟರೆ ಮೊದಲು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಕೆಲ ನಿಮಿಷಗಳಲ್ಲಿ ನಡುವೆ ಗೆರೆ ಮೂಡುತ್ತದೆ. ಕೆಳಗಿನ ಪದರ 10ರ ಗೆರೆಯಲ್ಲಿ ನಿಲ್ಲದೆ 28ರ ಹತ್ತಿರ ನಿಂತಿರುತ್ತದೆ. ಹೆಚ್ಚಾದ 18 ಮಿಲಿಲೀಟರೇ ಪೆಟ್ರೋಲಿನಿಂದ ಹೊರಬಂದ ಎಥನಾಲ್.

ಟ್ಯಾಂಕಿನಲ್ಲಿ ಹೀಗಾದರೆ ಎರಡು ಪೆಟ್ಟು. ತಳದಲ್ಲಿ ಕೂತ ನೀರು–ಎಥನಾಲಿನ ಪದರ ಟ್ಯಾಂಕನ್ನು ತುಕ್ಕು ಹಿಡಿಸುತ್ತದೆ, ಕಾರ್ಬೊರೇಟರಿಗೆ ಹೋಗಿ ಎಂಜಿನ್ನನ್ನು ನಿಲ್ಲಿಸುತ್ತದೆ. ಮೇಲೆ ಉಳಿದ ಪೆಟ್ರೋಲು ತನ್ನ ಆಕ್ಟೇನಿನ ಆಸರೆಯನ್ನೇ ಕಳೆದುಕೊಂಡಿರುತ್ತದೆ. ಎಥನಾಲಿನ ಆಕ್ಟೇನ್ 108.5, ಪೆಟ್ರೋಲಿನದು 84.4 ಎಂದು ಹೋಲಿಸಿದ್ದು ಸಚಿವಾಲಯವೇ. ಮಳೆಗಾಲವಿಡೀ ಹೊರಗೆ ನಿಂತ ಗಾಡಿಯನ್ನು ದೀಪಾವಳಿಗೆ ಹೊರತೆಗೆದಾಗ ಟಕಟಕ ಅನ್ನುವುದಕ್ಕೆ ಇದು ಕಾರಣವಾಗಿರಬಹುದು. ಗಾಳಿಯ ತೇವದಿಂದ ಇಷ್ಟು ನೀರು ಸೇರಲು ಬಹಳ ಕಾಲ ಬೇಕು; ಸಾಮಾನ್ಯವಾಗಿ ನೀರು ಬರುವುದು ರಬ್ಬರು ಸವೆದ ಟ್ಯಾಂಕಿನ ಮುಚ್ಚಳದಿಂದ. ಮುಚ್ಚಳದ ವಾಷರಿಗೆ ಎಷ್ಟೂ ಖರ್ಚಾಗದು.

ಯೆಜ್ಡಿ, ಆರ್‌ಎಕ್ಸ್ 100ರಂಥ ಟೂ-ಸ್ಟ್ರೋಕ್ ಬೈಕುಗಳ ಅಭಿಮಾನಿಗಳು ಉತ್ತರ ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಗಳಿಗೆ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಎಂಜಿನ್ನಿನ ಒಳಭಾಗಕ್ಕೆ ಸಿಗುವ ಜಿಡ್ಡು ಅಷ್ಟೇ. ಪೆಟ್ರೋಲು ಬೇರ್ಪಟ್ಟು ತಳದ ಪದರ ಎಂಜಿನ್ನಿಗೆ ಹೋದರೆ ಅದರಲ್ಲಿ ಆಯಿಲ್ ಇರುವುದೇ ಇಲ್ಲವೆನ್ನಬಹುದು. ಪಿಸ್ಟನ್ ಸೀಜ್ ಆಗಲು ಒಂದೆರಡು ಕಿಲೋಮೀಟರು ಸಾಕು. ತಿಂಗಳುಗಟ್ಟಲೆ ನಿಲ್ಲಿಸುವ ಟೂ-ಸ್ಟ್ರೋಕ್ ಗಾಡಿಯ ಟ್ಯಾಂಕನ್ನು ಖಾಲಿ ಮಾಡಿ ಇಡುವುದೇ ಸರಿ.

ಇಷ್ಟೆಲ್ಲ ಹೇಳುವಾಗ ಎಥನಾಲ್ ಎಲ್ಲಿಂದ ಬರುತ್ತದೆ ಎಂಬುದನ್ನು ಬೀದರಿನವರು ಮರೆಯುವ ಹಾಗಿಲ್ಲ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ, ಬೀದರ್ ಪಕ್ಕದ ಇಮಾಂಪುರದಲ್ಲಿ ನಾರಂಜಾ ಸಹಕಾರಿ ಕಾರ್ಖಾನೆ, ಹಳ್ಳಿಖೇಡದಲ್ಲಿ ಬೀದರ್ ಸಹಕಾರಿ ಕಾರ್ಖಾನೆ ಹುಟ್ಟಿದ್ದು ಇಲ್ಲಿನ ಕಬ್ಬನ್ನು ನಂಬಿ. ಕಬ್ಬಿನ ರಸಕ್ಕೂ ಕಾಕಂಬಿಗೂ ಎಥನಾಲ್ ರೂಪದಲ್ಲಿ ಖಚಿತ ಗಿರಾಕಿ ಸಿಕ್ಕಿದ್ದು ದೇಶದ ಸಕ್ಕರೆ ಉದ್ಯಮಕ್ಕೆ ದೊಡ್ಡ ಆಸರೆ. ಈಚೆಗೆ ಮೆಕ್ಕೆಜೋಳವೂ ದೊಡ್ಡ ಪ್ರಮಾಣದಲ್ಲಿ ಆ ಸಾಲಿಗೆ ಸೇರಿದೆ. ಗಡಿ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಕಬ್ಬೂ ಇದೆ, ಕೊಟ್ಟಿಗೆಯ ಪಕ್ಕ ಅಪ್ಪನ ಕಾಲದ ಬುಲೆಟ್ಟೂ ಇದೆ. ಆದ್ದರಿಂದ ಎಥನಾಲ್ ಬೇಡವೇ ಬೇಡ ಎಂಬ ವಾದಕ್ಕೆ ಈ ನೆಲದಲ್ಲಿ ಹುರುಳಿಲ್ಲ.

ಆಯ್ಕೆಯೇ ಇಲ್ಲದಂತಾದುದು ಮಾತ್ರ ಅನ್ಯಾಯ. ಎಥನಾಲ್ ಬೆರೆಸುವ ಕಾರ್ಯಕ್ರಮ 2003ರ ಜನವರಿಯಲ್ಲಿ ಶುರುವಾದಾಗ ಮೊದಲ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು, ಬೆರಕೆ 5 ಭಾಗ. 2013–14ರಲ್ಲಿಯೂ ದೇಶದ ಸರಾಸರಿ ಶೇ 1.53 ಮಾತ್ರ. 2022ರ ಜೂನ್ ಹೊತ್ತಿಗೆ ಅದು 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ 20 ಭಾಗದ ಪೆಟ್ರೋಲಿಗೆ ಚಾಲನೆ ಕೊಟ್ಟಾಗ ಅದು ಸಿಗುತ್ತಿದ್ದುದು 84 ಬಂಕುಗಳಲ್ಲಿ. ಎರಡೇ ವರ್ಷ ಕಳೆದು 2025ರಲ್ಲಿ ದೇಶವೆಲ್ಲ ಅದೇ ಆಯಿತು, ಮೊದಲು ಗೊತ್ತುಮಾಡಿದ್ದ 2030ಕ್ಕಿಂತ ಐದು ವರ್ಷ ಮುಂಚೆ. ಔರಾದಿನವರು ಗಡಿ ದಾಟಿ ಉದಗೀರದಲ್ಲೋ ದೇಗಲೂರಿನಲ್ಲೋ, ಬೀದರಿನವರು ಜಹೀರಾಬಾದಿನಲ್ಲೋ ತುಂಬಿಸಿದರೂ ಸಿಗುವುದು ಇದೇ ಪೆಟ್ರೋಲು. ಬೋರ್ಡಿನ ಮೇಲಿನ ಬೆಲೆಯಷ್ಟೇ ಬೇರೆ. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

ಬ್ರಿಟನ್ ಇದನ್ನು ಬೇರೆ ರೀತಿ ನಿಭಾಯಿಸಿದೆ. 2021ರ ಸೆಪ್ಟೆಂಬರಿನಲ್ಲಿ 10 ಭಾಗದ ಪೆಟ್ರೋಲನ್ನು ಸಾಮಾನ್ಯ ದರ್ಜೆ ಮಾಡಿದಾಗ ಹಳೆಯ ಗಾಡಿಗಳಿಗಾಗಿ 5 ಭಾಗದ ಸೂಪರ್ ದರ್ಜೆಯನ್ನು ಉಳಿಸಿಕೊಂಡಿತು. ನಮ್ಮಲ್ಲಿಯೂ ನೀತಿ ಆಯೋಗದ 2021ರ ವರದಿಯಲ್ಲೇ ಹಳೆಯ ವಾಹನಗಳ ರಕ್ಷಣೆಗೆ 10 ಭಾಗದ ಪೆಟ್ರೋಲು ಸಿಗುತ್ತಿರಬೇಕೆಂಬ ಮಾತಿತ್ತು. ಆ ಮಾತು ಬಂಕಿನವರೆಗೆ ಬರಲಿಲ್ಲ. ಸದ್ಯಕ್ಕೆ ಉಳಿದಿರುವುದು 100 ಆಕ್ಟೇನಿನ ದುಬಾರಿ ಪೆಟ್ರೋಲು. ಇಂಡಿಯನ್ ಆಯಿಲಿನ ಎಕ್ಸ್‌ಪಿ100 ಬಂದದ್ದು 2020ರ ಡಿಸೆಂಬರಿನಲ್ಲಿ. ಅದರಲ್ಲಿ ಎಥನಾಲ್ ಇಲ್ಲವೆಂದು ಹಳೆಯ ಕಾರುಗಳ ಮಾಲೀಕರು ದೊಡ್ಡ ಊರುಗಳ ಆಯ್ದ ಬಂಕುಗಳಿಗೆ ಹುಡುಕಿಕೊಂಡು ಹೋಗುತ್ತಾರೆ. ಲೀಟರಿನ ಬೆಲೆ ಸಾಮಾನ್ಯ ಪೆಟ್ರೋಲಿನ ಒಂದೂವರೆ ಪಟ್ಟು. ಅವರಿಗೆ ಬೇಕಾದದ್ದು 100 ಆಕ್ಟೇನ್ ಅಲ್ಲವೇ ಅಲ್ಲ, ಎಥನಾಲ್ ಇಲ್ಲದ ಸಾಧಾರಣ ಪೆಟ್ರೋಲು. 5.5:1ರ ಬುಲೆಟ್ಟಿಗೆ 100 ಆಕ್ಟೇನ್ ಸುರಿಯುವುದು ಗತಿಯಿಲ್ಲದೆ ಮಾಡುವ ಖರ್ಚು. ತಾಲ್ಲೂಕಿಗೆ ಒಂದು ಬಂಕಿನಲ್ಲಿ, ಒಂದು ಪಾಯಿಂಟಿನಲ್ಲಿ ಕಡಿಮೆ ಎಥನಾಲಿನ ಪೆಟ್ರೋಲು ಸಿಕ್ಕರೆ ಸರ್ಕಾರದ ಲೆಕ್ಕ ಏರುಪೇರಾಗುವುದಿಲ್ಲ. ಕೆಎ-38, ಕೆಎ-39 ಫಲಕದ ಹಳೆಯ ಬೈಕಿನಲ್ಲಿ ಹೊಲಕ್ಕೆ ಹೋಗಿಬರುವವರು ಹವ್ಯಾಸಿಗಳಲ್ಲ. ಹೊಸದು ಕೊಳ್ಳಲಾಗದ್ದಕ್ಕೆ ಹಳೆಯದನ್ನೇ ಜೋಪಾನ ಮಾಡಿಕೊಂಡವರು ಅವರಲ್ಲಿ ಬಹಳ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನ ನಿಯಮದಂತೆ ‘ವಿಎ’ ಅಕ್ಷರಗಳ ಪ್ರತ್ಯೇಕ ವಿಂಟೇಜ್ ನೋಂದಣಿ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿಯಂಥ ಸಂದರ್ಭ ಬಿಟ್ಟು ದಿನಬಳಕೆಗೆ ಹಾಗೆ ನೋಂದಾಯಿಸಿದ ಗಾಡಿಗಳನ್ನು ಓಡಿಸುವಂತಿಲ್ಲ. ಹಾಗಾಗಿ ಅವು ವರ್ಷದ ಬಹುಪಾಲು ನಿಂತೇ ಇರುತ್ತವೆ, ಕೆಟ್ಟ ಪೆಟ್ರೋಲಿನ ಕಾಟ ಅವುಗಳಿಗೇ ಹೆಚ್ಚು.

ಹಳೆಯ ಗಾಡಿ ಇಟ್ಟುಕೊಂಡವರು ಈ ಮಳೆಗಾಲಕ್ಕೆ ಮುಂಚೆ ಮಾಡಬಹುದಾದ ಕೆಲಸ ಒಂದು ದಿನದ್ದು. ಎಥನಾಲ್ ತಾಳುವ ಪೈಪು, ಡಯಾಫ್ರಮ್, ಫ್ಲೋಟ್ ನೀಡಲ್, ಟ್ಯಾಂಕಿನ ಮುಚ್ಚಳದ ವಾಷರು ಹಾಕಿಸುವುದು. ಬಿಡಿಭಾಗ ಕೊಳ್ಳುವಾಗ ಅಂಗಡಿಯಲ್ಲಿ ವರ್ಷಗಟ್ಟಲೆ ಧೂಳು ಹಿಡಿದ ಹಳೆಯ ದಾಸ್ತಾನು ಬೇಡ, 20 ಭಾಗ ಎಥನಾಲಿಗೆ ತಕ್ಕದ್ದೆಂದು ಸೂಚಿಸುವ ‘ಇ20’ ನಮೂದಿಸಿದ ಹೊಸದೇ ಬೇಕು. ಟ್ಯಾಂಕಿನೊಳಗೆ ಎಥನಾಲ್ ಕಳಚಿ ತಂದ ತುಕ್ಕು, ಕೊಳೆ ಮೊದಲ ಕೆಲವು ಟ್ಯಾಂಕುಗಳಲ್ಲಿ ಫಿಲ್ಟರಿಗೆ ಬಂದು ಸೇರುತ್ತದೆ, ಆದ್ದರಿಂದ ಕಾಣುವಂತೆ ಒಂದು ಪಾರದರ್ಶಕ ಫಿಲ್ಟರ್ ಕೂರಿಸಿ, ಕಪ್ಪಾದಾಗ ಬದಲಿಸಬೇಕು. ಆಮೇಲೆ ಕಾರ್ಬೊರೇಟರ್ ಟ್ಯೂನಿಂಗ್, ಕೊನೆಗೆ ಟೈಮಿಂಗ್, ಇದೇ ಕ್ರಮದಲ್ಲಿ. ಮಿಶ್ರಣ ಸರಿಯಿಲ್ಲದೆ ಟೈಮಿಂಗ್ ಹಿಡಿದರೆ ಎರಡೂ ಕೈಕೊಡುತ್ತವೆ. ಟೈಮಿಂಗ್ ಸರಿಯಾಯಿತೋ ಇಲ್ಲವೋ ಎಂಬುದು ಗ್ಯಾರೇಜಿನ ಮುಂದೆ ನಿಂತು ಎಂಜಿನ್ ರೇಸ್ ಮಾಡಿದರೆ ತಿಳಿಯದು. ಜನ ಕೂರಿಸಿಕೊಂಡು, ಎಂಜಿನ್ ಪೂರ್ತಿ ಕಾದ ಮೇಲೆ ಏರಿನಲ್ಲಿ ಟಾಪ್ ಗೇರಿನಲ್ಲಿ ಎಳೆದು ನೋಡಬೇಕು. ಒಂದೆರಡು ಸಲ ಸಣ್ಣಗೆ ಟಿಕ್ ಅಂದು ನಿಂತರೆ ಅಲ್ಲಿಗೇ ಬಿಗಿಮಾಡುವುದು, ಬಿಡದೆ ಬಡಿದರೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಮತ್ತೆ ಅದೇ ಏರು ಹತ್ತಿಸುವುದು.